ಡಾಕ್ಟರ್ ಬಾಯಮ್ಮನ ಕಾರಿನ ನಾಲ್ಕು ಕಾಯಿಲ್‌ಗಳು

...ಅಥವಾ ಅದು ಜೂನ್ ತಿಂಗಳೇ ಅಲ್ಲವೋ ಏನೋ. ಮಳೆ ಇತ್ತು, ಅಷ್ಟು ನಿಜ. ಆದರೆ ನನ್ನ ನೆನಪಿನಲ್ಲಿ ಗ್ಯಾರೇಜಿನ ಎಲ್ಲ ದಿನಗಳಲ್ಲೂ ಮಳೆ ಬರುತ್ತಲೇ ಇರುತ್ತದೆ. ಆದ್ದರಿಂದ ಮಳೆಯನ್ನು ಸಾಕ್ಷಿಗೆ ಕರೆದು ಪ್ರಯೋಜನವಿಲ್ಲ. ಮೊನ್ನೆ ಅಕ್ಕನಲ್ಲಿ ಕೇಳಿದೆ. "ಜೂನ್ ಎಂತದು ಮಾರಾಯ, ನವರಾತ್ರಿಯ ಎದುರಿಗಲ್ವಾ?" ಎಂದಳು. ಹಾಗಾದರೆ ನಾನು ಕಾಯಿಲ್‌ಗಳನ್ನು ಅಂಗಿಯೊಳಗೆ ಅಡಗಿಸಿಕೊಂಡು, ಕೊಡೆ ತಲೆಗಲ್ಲ ಎದೆಗೆ ಹಿಡಿದು, ಹಂಪನಕಟ್ಟೆಯಿಂದ ಬೇಕರಿಗೆ ಓಡಿದ್ದು ಯಾವಾಗ? ಅಕ್ಕ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕುಳಿತಳು. ಅವಳಿಗೆ ನವರಾತ್ರಿ ಖಚಿತ, ನನಗೆ ಕೊಡೆ ಖಚಿತ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ, ಇಬ್ಬರಿಗೂ ಅದು ತಿಳಿದಿಲ್ಲ.

ಈಗ ಗ್ಯಾರೇಜಿಗೆ ಸೇರುವವರಿಗಾಗಿ ನನ್ನ ಕೆಲಸದ ಅನುಭವ ಬರೆಯಬೇಕೆಂದು ಕೆಲವರು ಹೇಳಿದ್ದಾರೆ. ಯಾವಾಗ ಮೇಸ್ತ್ರಿಯಾದೆ, ಯಾವಾಗ ಸ್ವಂತ ಶೆಡ್ಡು ಹಾಕಿದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಯಾರ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಕಾಯಿಲ್ ಮತ್ತು ಪ್ಲಗ್ಗಿನ ವಿಷಯ ಹೇಳುತ್ತೇನೆ. ಊರಿನಲ್ಲಿ ನನ್ನನ್ನು 'ಕಾಯಿಲ್ ಶೀನಪ್ಪ' ಎಂದು ಕರೆಯುತ್ತಾರೆ. ಆ ಹೆಸರು ಎಲ್ಲಿಂದ ಬಂತೆಂದು ಹೇಳಿದರೆ ಅದಕ್ಕೆ ನಾನು ಎಷ್ಟು ಯೋಗ್ಯ ಎಂಬುದನ್ನು ನೀವೇ ತೀರ್ಮಾನಿಸಬಹುದು.

ಇನ್ನೊಂದು ಮಾತು. ಇದರಲ್ಲಿ ಬರುವವರು ಯಾರೂ ಕನ್ನಡದಲ್ಲಿ ಮಾತಾಡಿದವರಲ್ಲ. ನಾವು ತುಳು ಮಾತಾಡುತ್ತಿದ್ದೆವು, ನಮ್ಮ ಗ್ಯಾರೇಜಿನ ಮೇಸ್ತ್ರಿ ಸಿಟ್ಟು ಬಂದಾಗ ಕೊಂಕಣಿಗೆ ಹೋಗುತ್ತಿದ್ದರು, ಬಂದರಿನ ಮುಸ್ಲಿಮರದ್ದು ಬ್ಯಾರಿ ಭಾಷೆ. ನಾನು ಕನ್ನಡದಲ್ಲಿ ಬರೆಯುವಾಗ ಅವರ ಮಾತು ಅರ್ಧ ನನ್ನ ಮಾತಾಗುತ್ತದೆ. ಬೈಗುಳಗಳಂತೂ ಪೂರ್ತಿ ಹಾಳಾಗಿವೆ.

ಈಗಿನ ಗಾಡಿಯಲ್ಲಿ ಒಂದೇ ಕಾಯಿಲ್ ಇರುತ್ತದೆ, ಬಾನೆಟ್ಟಿನ ಕೆಳಗೆ ತಗಡಿನ ಡಬ್ಬಿಯೊಳಗೆ. ಕೆಟ್ಟರೆ ಎರಡು ವಯರು ಬಿಚ್ಚಿ ಹೊಸತು ಹಾಕುತ್ತೀರಿ. ನಾನು ಕೆಲಸ ಕಲಿತದ್ದು ಅಮೆರಿಕದಿಂದ ಬರುತ್ತಿದ್ದ ಒಂದು ಜಾತಿಯ ಕರಿ ಗಾಡಿಯಲ್ಲಿ. ಅದಕ್ಕೆ ನಾಲ್ಕು ಸಿಲಿಂಡರು, ಸಿಲಿಂಡರಿಗೊಂದರಂತೆ ನಾಲ್ಕು ಕಾಯಿಲ್. ಪ್ರತಿಯೊಂದೂ ಒಂದು ಮರದ ಪೆಟ್ಟಿಗೆ, ಒಳಗೆ ತಂತಿಯ ಸುರುಳಿ, ನೀರು ತಾಗದಂತೆ ಅದರ ಸುತ್ತ ಡಾಮರು ಹೊಯ್ದದ್ದು. ನಾಲ್ಕನ್ನೂ ಸಾಲಾಗಿ ಡ್ರೈವರನ ಮೊಣಕಾಲಿನ ಎದುರಿಗೆ ಇನ್ನೊಂದು ಮರದ ಗೂಡಿನಲ್ಲಿ ಕೂರಿಸಿರುತ್ತಿದ್ದರು. ಸಣ್ಣ ಕರೆಂಟನ್ನು ದೊಡ್ಡದು ಮಾಡಿ ಪ್ಲಗ್ಗಿಗೆ ಕಳಿಸುವುದು ಕಾಯಿಲ್‌ನ ಕೆಲಸ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಪೆಟ್ರೋಲಿಗೆ ಬೆಂಕಿ ಹತ್ತಬೇಕು. ಇಷ್ಟೇ ವಿದ್ಯೆ. ಈ ಕಾಯಿಲ್‌ಗಳ ತಲೆಯ ಮೇಲೆ ತೆಳ್ಳಗಿನ ಉಕ್ಕಿನ ಪಟ್ಟಿಯೊಂದು ನಡುಗುತ್ತಿತ್ತು. ಅದು ನಡುಗುವಾಗ ಜೀರುಂಡೆಯ ಹಾಗೆ 'ಜ್ಯೀ' ಎನ್ನುತ್ತಿತ್ತು. ನಮ್ಮ ಅವಾಂತರ ಶುರುವಾದದ್ದು ಈ ಶಬ್ದದಿಂದ.

ಹಂಚಿನ ಕಾರ್ಖಾನೆಯಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸ ಬಿಟ್ಟು ನಾನು ಹಂಪನಕಟ್ಟೆಯ ಗ್ಯಾರೇಜಿಗೆ ಸೇರಿದಾಗ ನನಗೆ ಇಪ್ಪತ್ತೈದರ ಹತ್ತಿರ ಪ್ರಾಯ. ಅಲ್ಲಿ ಎಲ್ಲದಕ್ಕೂ ಪಾಸ್ಕಲ್ ಮೇಸ್ತ್ರಿಯೇ ದೊಡ್ಡವರು. ಇಗರ್ಜಿಯ ಕ್ವಾಯರಿನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಪಿಟೀಲು ಬಾರಿಸುವವರು. ಗ್ಯಾರೇಜಿನ ಗೋಡೆಯಲ್ಲಿ ಒಂದು ಮೊಳೆಗೆ ಟಯರು, ಇನ್ನೊಂದಕ್ಕೆ ಪಿಟೀಲು ತೂಗುತ್ತಿತ್ತು. ತುಳು ಜನ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹಾಗೆ ನಾವೆಲ್ಲ ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು.

ಮೊದಲನೆಯ ದಿನ ಪ್ಲಗ್ಗಿನ ವಯರು ನನ್ನ ಕೈಗೆ ಕೊಟ್ಟು, "ಕರೆಂಟು ಉಂಟಾ ನೋಡು ಶೀನ" ಎಂದರು. ಹಿಡಿದೆ. ಅವರು ಸ್ವಿಚ್ಚು ಒತ್ತಿದರು. ನಾನು ಹಳೇ ಟಯರುಗಳ ರಾಶಿಯ ಮೇಲೆ ಹೋಗಿ ಕುಳಿತೆ. ಕುಳಿತೆ ಎಂಬುದು ಮರ್ಯಾದೆಯ ಶಬ್ದ.

"ಉಂಟಾ?"

"ಉಂಟು ಪೊರ್ಬುಗಳೇ."

"ಎಲ್ಲಿವರೆಗೆ ಉಂಟು?"

ಇದು ತಮಾಷೆಯಲ್ಲ, ಅವರ ಪರೀಕ್ಷಾ ಕ್ರಮ. "ಮಣಿಕಟ್ಟಿಗೆ ನಿಂತರೆ ಕಾಯಿಲ್ ಮುದುಕ. ಮೊಣಕೈಗೆ ಬಂದರೆ ಸಂಸಾರಸ್ಥ. ಭುಜಕ್ಕೆ ಹೊಡೆದರೆ ಹೊಸ ಮದುಮಗ, ಧೈರ್ಯದಲ್ಲಿ ಗಾಡಿಗೆ ಹಾಕು." ಹಲವು ವರ್ಷ ನಾನು ಹೀಗೆಯೇ ಕಾಯಿಲ್ ನೋಡಿದೆ. ದಯವಿಟ್ಟು ನೀವು ನೋಡಬೇಡಿ.

ಪ್ಲಗ್ಗಿಗೆ ಬೇರೆ ಕ್ರಮ. ಆಗಿನ ಪ್ಲಗ್ಗನ್ನು ಬಿಚ್ಚಿ ಒಳಗಿನ ಪಿಂಗಾಣಿ ತೆಗೆದು ಚಿಮಿಣಿ ಎಣ್ಣೆಯಲ್ಲಿ ತೊಳೆಯಬಹುದಿತ್ತು. ಮಸಿ ಕೆರೆದು ಮತ್ತೆ ಜೋಡಿಸಿ, ತುದಿಯಲ್ಲಿ ಕಿಡಿ ಹಾರುವ ಸಂದನ್ನು ಅಳೆಯಬೇಕು. ಅಳತೆಗೆ ಮೇಸ್ತ್ರಿಯ ಹತ್ತಿರ ಮುಂಬಯಿಯಿಂದ ಅವರ ಅಣ್ಣ ಬರೆದ ಒಂದು ಪೋಸ್ಟ್ ಕಾರ್ಡು ಇತ್ತು. ಅದನ್ನು ಮಡಚಿ ತೂರಿಸಿದರೆ ಬಿಗಿಯಾಗಿ ಹೋಗಬೇಕು. ಅಣ್ಣನಿಂದ ಹೊಸ ಕಾಗದ ಬಂದರೂ ಅವರು ಹಳೆಯದನ್ನು ಬಿಡಲಿಲ್ಲ. "ಹೊಸತು ದಪ್ಪ ಉಂಟು" ಎಂದರು. ಅಣ್ಣ ಏನು ಬರೆದಿದ್ದನೆಂಬುದು ಗ್ರೀಸಿನಲ್ಲಿ ಯಾವತ್ತೋ ಅಳಿಸಿಹೋಗಿತ್ತು.

ಇನ್ನು ಡಾಕ್ಟರ್ ಬಾಯಮ್ಮ. ಫಳ್ನೀರಿನಲ್ಲಿ ಅವರ ಮನೆ, ಮನೆಯಲ್ಲೇ ದವಾಖಾನೆ. ಹೆರಿಗೆ ಮಾಡಿಸಲು ಮನೆಮನೆಗೆ ಹೋಗುವವರು. ಆ ಕರಿ ಗಾಡಿಗಳಲ್ಲೊಂದು ಅವರದು, ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ ಮೋಣಪ್ಪ ಬಾವ. ಬಾವ ಮೊದಲು ಜಟಕಾ ಹೊಡೆಯುತ್ತಿದ್ದರು. ಕಾರು ಬಂದ ಮೇಲೆ ಕುದುರೆಯನ್ನೂ ಗಾಡಿಯನ್ನೂ ಮಾರಿ ಡ್ರೈವಿಂಗ್ ಕಲಿತು ಬಾಯಮ್ಮನ ಹತ್ತಿರ ಸೇರಿದ್ದರು. ಕಾರನ್ನು ಅವರು ಕುದುರೆಯ ಹಾಗೆಯೇ ಓಡಿಸುತ್ತಿದ್ದರು. ಏರು ಬಂದಾಗ ನಾಲಿಗೆಯಿಂದ 'ಟ್ಟ ಟ್ಟ' ಎಂದು ಶಬ್ದ ಮಾಡುವುದು ಬಿಟ್ಟಿರಲಿಲ್ಲ.

ಒಮ್ಮೆ ಬಾವ ಗಾಡಿ ತಂದು, "ಎಂಜಿನ್ ಕುಂಟುತ್ತದೆ, ಒಮ್ಮೆ ನೋಡಿ" ಎಂದರು. ಮೇಸ್ತ್ರಿ ನಾಲ್ಕು ಕಾಯಿಲ್‌ಗಳನ್ನೂ ಬೆಂಚಿನ ಮೇಲಿಟ್ಟು ಕಣ್ಣು ಮುಚ್ಚಿ ಅವುಗಳ ದನಿ ಕೇಳಿದರು. ತಲೆಯ ಮೇಲಿನ ಸ್ಕ್ರೂ ತಿರುಗಿಸಿದರೆ ಪಟ್ಟಿ ಬಿಗಿಯಾಗಿ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನಾಲ್ಕರ ದನಿಯೂ ಒಂದೇ ಆಗಬೇಕು, ಆಗ ಮಾತ್ರ ಕಿಡಿಗಳು ಸರಿಯಾದ ಹೊತ್ತಿಗೆ ಹಾರುತ್ತವೆ. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲವೆಂದು ಹೇಳಲಾರೆ. ಆದರೆ ಅದು ಕ್ರಿಸ್ಮಸ್ಸಿನ ಹಾಡುಗಳ ಅಭ್ಯಾಸದ ವಾರ. (ನೋಡಿ, ಜೂನ್ ಹೋಯಿತು, ನವರಾತ್ರಿಯೂ ಹೋಯಿತು.) ಅವರು ಪಿಟೀಲು ಇಳಿಸಿ, ಒಂದೊಂದೇ ತಂತಿ ಮೀಟಿ, ಒಂದು ಕಾಯಿಲ್ಲನ್ನು ಮೇಲೆ, ಒಂದನ್ನು ಕೆಳಗೆ, ನಡುವೆ ಎರಡನ್ನು ಬೇರೆ ಬೇರೆ ಸ್ವರಕ್ಕೆ ಕೂರಿಸಿದರು.

"ನಾಲ್ಕೂ ಒಂದೇ ಸ್ವರ ಬೇಡವಾ ಪೊರ್ಬುಗಳೇ?" ಎಂದು ಕೇಳಿದೆ.

"ನಾಲ್ಕು ಜನ ಒಂದೇ ಸ್ವರ ಹಾಡಿದ್ರೆ ಅದು ನಿಮ್ಮ ಭಜನೆ. ಕ್ವಾಯರ್ ಅಂದ್ರೆ ನಾಲ್ಕು ಸ್ವರ. ಕೇಳು!"

ಕೇಳಿದೆ. ನಿಜಕ್ಕೂ ಚಂದ ಇತ್ತು. ಬಾವ ಹ್ಯಾಂಡಲ್ ಹೊಡೆದರು. ಗಾಡಿ ಹಾಡುತ್ತಾ ಹೊರಟು, ಕಟ್ಟೆಯ ಹತ್ತಿರ ನಾಲ್ಕು ಸಲ ಬಿಕ್ಕಿ, ಹಿಂದಿನಿಂದ ಗುಂಡು ಹೊಡೆದ ಹಾಗೆ ಸದ್ದು ಮಾಡಿ ನಿಂತಿತು. ಅಲ್ಲಿ ಹೂ ಮಾರುತ್ತಿದ್ದ ಹೆಂಗಸು ಬುಟ್ಟಿ ಬಿಟ್ಟು ಓಡಿದಳು. ಬಾವ ಗಾಡಿ ನೂಕಿಸಿಕೊಂಡು ವಾಪಸು ಬಂದು ಹೇಳಿದರು: "ಹಾಡು ಚಂದ ಉಂಟು ಪೊರ್ಬುಗಳೇ. ಗಾಡಿ ಹೋಗುದಿಲ್ಲ."

ಈ ಕತೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಅದು ಸ್ವಲ್ಪ ನಯವಾಗಿದೆ. ಹೂವಿನ ಹೆಂಗಸು ಮೊದಲಿನಿಂದಲೂ ಇದ್ದಳೋ, ನಡುವೆ ಸೇರಿದಳೋ ಗೊತ್ತಿಲ್ಲ. ಆಮೇಲೆ ಮೇಸ್ತ್ರಿ ಊಟಕ್ಕೆ ಹೋದಾಗ ನಾನು ನಾಲ್ಕನ್ನೂ ಒಂದೇ ದನಿಗೆ ತಂದು ಕೂರಿಸಿದೆ. ವಾಪಸು ಬಂದವರು ಕೇಳಿ, "ಈ ಸಲ ಭಜನೆಯೇ ಆಗಲಿ" ಎಂದರು, ಅಷ್ಟೆ. ದೊಡ್ಡವರು ತಪ್ಪು ಒಪ್ಪಿಕೊಳ್ಳುವುದು ಹೀಗೆ. ನೀವು ಅದನ್ನು ಗುರುತಿಸಲು ಕಲಿಯಬೇಕು, ಇಲ್ಲದಿದ್ದರೆ ಜೀವಮಾನವಿಡೀ ಕಾಯುತ್ತೀರಿ.

ಕಾಯಿಲ್ ಹಾಡಿದರೂ ಹಾಡದಿದ್ದರೂ ನಮ್ಮ ಊರಿನ ಹವೆಗೆ ಆ ಗಾಡಿ ತಕ್ಕದ್ದಾಗಿರಲಿಲ್ಲ. ಮರದ ಗೂಡು ನೀರು ಕುಡಿದು ಉಬ್ಬುತ್ತಿತ್ತು. ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಒದ್ದೆ ಮರದಲ್ಲೇ ಸೋರಿಹೋಗುತ್ತಿತ್ತು. ಮಳೆಗಾಲದ ಒಂದು ಬೆಳಿಗ್ಗೆ ಬಾಯಮ್ಮ ಬಸುರಿಯೊಬ್ಬಳ ಹೆರಿಗೆಗೆ ಹೊರಟಾಗ ಗಾಡಿ ದಾರಿಯಲ್ಲೇ ನಿಂತಿತು. ಅವರು ಇಳಿದು, ಚೀಲ ಹಿಡಿದುಕೊಂಡು, ಕೆಸರಿನಲ್ಲಿ ನಡೆದೇ ಹೋದರು. ಮಗು ಅವರನ್ನು ಕಾಯದೆ ಹುಟ್ಟಿತ್ತು. ತಾಯಿ ಮಗು ಇಬ್ಬರೂ ಸೌಖ್ಯ. ಆದರೆ ಬಾಯಮ್ಮ ಸೌಖ್ಯವಿರಲಿಲ್ಲ. ಮರುದಿನ ಗ್ಯಾರೇಜಿಗೇ ಬಂದರು, ಹಿಂದಿನ ದಿನದ ಬೂಟಿನಲ್ಲೇ, ಕೆಸರು ಒಣಗಿದ್ದು ನಮಗೆ ಕಾಣಲಿ ಎಂದು.

"ಇನ್ನೊಂದು ಸಲ ನಾನು ದಾರಿಯಲ್ಲಿ ಈ ಗಾಡಿಯಿಂದ ಇಳಿಯುವ ಹಾಗೆ ಆದ್ರೆ," ಎಂದರು, ದನಿ ಏರಿಸದೆ, "ಗಾಡಿ ಮಾರಿಬಿಡ್ತೇನೆ. ಜಟಕಾ ಸಾಕು ನನಗೆ. ಮೋಣಪ್ಪ, ನಿನಗೆ ಬೇರೆ ಕೆಲಸ ನೋಡಿಕೊಳ್ಳಬೇಕಾಗ್ತದೆ."

ಬಾಯಮ್ಮ ಹೋದ ಮೇಲೆ ಬಾವ ನನ್ನ ಹತ್ತಿರ, "ಜಟಕಾ ಸಾಕಂತೆ. ನನ್ನದೇ ಕುದುರೆ ಈಗ ಬೇರೆಯವನ ಗಾಡಿಯಲ್ಲಿ ಉಂಟು ಶೀನ. ಬಾಯಮ್ಮ ಅದರಲ್ಲೇ ಹೋದ್ರೆ ನಾನು ಎಲ್ಲಿ ನಿಂತು ನೋಡುದು?" ಎಂದರು. ನಗುತ್ತಲೇ ಹೇಳಿದರು. ಅಕ್ಕನಿಗೆ ಆಗ ಎರಡನೆಯ ಬಸಿರು, ಏಳು ತಿಂಗಳು. ಆ ನಗು ನನಗೆ ಹಿಡಿಸಲಿಲ್ಲ.

ಹೊಸ ಕಾಯಿಲ್ ಮದ್ರಾಸಿನಿಂದ ರೈಲಿನಲ್ಲಿ ಬರಬೇಕು, ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಇದ್ದದ್ದನ್ನು ಒಣಗಿಸಬೇಕು. ಬಿಸಿಲಿಲ್ಲ. ಮೇಸ್ತ್ರಿಗೆ ಉಪಾಯ ಹೊಳೆಯಿತು: ಅವರ ಜೊತೆ ಕ್ವಾಯರಿನಲ್ಲಿ ಹಾಡುವ ಕಾಸ್ಮಿರನ ಬೇಕರಿ. ಬೆಳಗ್ಗಿನ ಬ್ರೆಡ್ಡು ತೆಗೆದ ಮೇಲೆ ಭಟ್ಟಿ ಹದವಾದ ಬೆಚ್ಚಗೆ ಇರುತ್ತದೆ. ಒಂದು ಗಂಟೆ ಇಟ್ಟರೆ ಸಾಕು. ಊರಿನ ಗ್ಯಾರೇಜಿನವರೆಲ್ಲ ಆಮೇಲೆ ಹಾಗೆ ಮಾಡುತ್ತಿದ್ದರು, ಆದ್ದರಿಂದ ಉಪಾಯ ಕೆಟ್ಟದಲ್ಲ. ಕೆಟ್ಟದ್ದು ನಮ್ಮ ಮಾತು. ನಾನು ಕಾಯಿಲ್‌ಗಳನ್ನು ತಂದು ಭಟ್ಟಿಯೊಳಗೆ ಸಾಲಾಗಿ ಇಟ್ಟೆ. ಮೇಸ್ತ್ರಿಯೂ ಕಾಸ್ಮಿರನೂ ಹೊರಗೆ ಬೆಂಚಿನ ಮೇಲೆ ಕುಳಿತು, ಆಲ್ಟೋ ಎಂಬ ತಗ್ಗು ದನಿಯಲ್ಲಿ ಹಾಡುವ ಹೆಂಗಸರು ಯಾಕೆ ಯಾವಾಗಲೂ ತಡವಾಗಿ ಬರುತ್ತಾರೆ ಎಂಬ ಚರ್ಚೆಗಿಳಿದರು. ನಾನೂ ಕೇಳುತ್ತಾ ಕುಳಿತೆ. ಒಳಗೆ ಕೆಲಸದವನು ಕಾಯಿಲ್‌ಗಳನ್ನು ಗಮನಿಸದೆ ಮಾಮೂಲಿನಂತೆ ಸೌದೆ ತುಂಬಿ ಎರಡನೆಯ ಸಲದ ಬ್ರೆಡ್ಡನ್ನು ತಳ್ಳಿಬಿಟ್ಟಿದ್ದ.

"ಎಂತದೋ ವಾಸನೆ ಬರ್ತದಲ್ಲ?" ಎಂದೆ.

"ಬ್ರೆಡ್ಡು ಮಾರಾಯ. ಬೇಕರಿಯಲ್ಲಿ ಮತ್ತೆ ಎಂತ ವಾಸನೆ ಬರಬೇಕು?" ಎಂದ ಕಾಸ್ಮಿರ.

ಡಾಮರು. ಬಾಗಿಲು ತೆಗೆದಾಗ ಕರಿ ಹೊಗೆ ಬಂತು. ಹಿಂದೆ ಇದ್ದ ಮೂರು ಕಾಯಿಲ್‌ಗಳು ಹೇಗೋ ಉಳಿದಿದ್ದವು. ಮುಂದಿನದು ಪೂರ್ತಿ ಕರಗಿ, ಒಳಗಿದ್ದುದೆಲ್ಲ ತಟ್ಟೆಗೆ ಹರಿದು, ಬರೀ ಮರದ ಡಬ್ಬಿಯೂ ತಂತಿಯ ಸುರುಳಿಯೂ ಉಳಿದಿದ್ದವು. ಕಾಸ್ಮಿರ ಕೊಂಕಣಿಯಲ್ಲಿ ಹೇಳಿದ್ದನ್ನು ಬರೆಯುವುದಿಲ್ಲ. ಭಾನುವಾರ ಇಗರ್ಜಿಯಲ್ಲಿ ಹಾಡುವ ಬಾಯಿ ಅದು.

ಡಾಮರಿನ ತಟ್ಟೆಯಿಂದ ದೂರವಿದ್ದ ಬ್ರೆಡ್ಡುಗಳನ್ನು ಅವನು ಬಿಸಾಡಲಿಲ್ಲ. ಒಂದು ಬಾಯಮ್ಮನ ಮನೆಗೂ ಹೋಯಿತಂತೆ. ಅವರು ಮೂಸಿ ನೋಡಿ, "ಕಾಸ್ಮಿರ ಕೊನೆಗೂ ನೆಲಕ್ಕೆ ಫಿನಾಯಿಲು ಹಾಕಿ ತೊಳೆಯಲಿಕ್ಕೆ ಶುರು ಮಾಡಿದ" ಎಂದು ಸಂತೋಷಪಟ್ಟರಂತೆ. ಇದು ಬಾವ ಹೇಳಿದ್ದು. ಬಾವನ ಮಾತನ್ನು ಅರ್ಧಕ್ಕೆ ಇಳಿಸಿಕೊಂಡು ಕೇಳಬೇಕು. ಯಾವ ಅರ್ಧ ಎಂಬುದೇ ಕಷ್ಟ.

ಖಾಲಿಯಾದ ಕಾಯಿಲ್‌ಗೆ ಮತ್ತೆ ಏನಾದರೂ ತುಂಬಿಸಬೇಕು. ನೀರು ಒಳಗೆ ಬಿಡದ, ಕರೆಂಟನ್ನು ಹೊರಗೆ ಬಿಡದ ವಸ್ತು. ಮೂರು ಕಾಯಿಲ್‌ನಲ್ಲಿ ಗಾಡಿ ಹೋಗುತ್ತದೆ, ಮೂರು ಕಾಲಿನ ನಾಯಿ ಹೋದ ಹಾಗೆ. ಫಳ್ನೀರಿನ ಸಮತಟ್ಟಿನಲ್ಲಿ ಸಾಕು, ಏರಿಗೆ ಸಾಲದು. ನೀರು ತಡೆಯುವ ವಿದ್ಯೆ ಊರಿನಲ್ಲಿ ಯಾರಿಗೆ ಗೊತ್ತು ಎಂದು ಯೋಚಿಸುತ್ತಾ ನಾನು ಬಂದರಿಗೆ ಹೋದೆ. ಅಲ್ಲಿ ಹಮ್ಮಬ್ಬ ಬ್ಯಾರಿಗಳು ಮಂಜಿ ಎಂಬ ಹಾಯಿಹಡಗುಗಳ ಹಲಗೆಯ ಸಂದಿಗೆ ಹತ್ತಿ ತುರುಕಿ ರಾಳ ಹೊಯ್ಯುವವರು. ಕಾಯಿಲ್ಲನ್ನು ತಿರುವಿ ತಿರುವಿ ನೋಡಿದರು.

"ಎಂತದು ಇದು, ಇಲಿಬೋನಾ?"

"ಕಾರಿಂದು ಬ್ಯಾರಿಗಳೇ. ನೀರು ಒಳಗೆ ಹೋಗಬಾರ್ದು."

"ನೀರು ಹೋಗುದಿಲ್ಲ. ನನ್ನ ರಾಳ ಹಾಕಿದ ಮಂಜಿ ಮಸ್ಕತಿಗೆ ಹೋಗಿ ಬರ್ತದೆ. ನಿಮ್ಮ ಕಾರು ಫಳ್ನೀರಿಗೆ ಹೋಗಲಿಕ್ಕಿಲ್ಲವಾ?"

ರಾಳಕ್ಕೆ ಜೇನುಮೇಣ ಮಾತ್ರ ಹಾಕಿ, ಮೀನೆಣ್ಣೆ ಬೇಡ ಎಂದು ಕೈಮುಗಿದು ಹೇಳಿದೆ. "ಮೀನೆಣ್ಣೆ ಇಲ್ಲದೆ ಬಿರುಕು ಬಿಡ್ತದೆ" ಎಂದರು. ಬೇಡವೇ ಬೇಡ ಎಂದೆ. "ಆಯ್ತು ಮಾರಾಯ, ಇಲ್ಲ" ಎಂದು ನನ್ನೆದುರೇ ಹೊಯ್ದರು. ಹಾಕಿದರೋ ಇಲ್ಲವೋ ಎಂಬುದು ಎಂಜಿನ್ ಬಿಸಿಯಾದ ಮೇಲೆ ತಿಳಿಯಿತು. ಬಾಯಮ್ಮ ಹಿಂದಿನ ಸೀಟಿನಿಂದ, "ಮೋಣಪ್ಪ, ಮಾರ್ಕೆಟಿಗೆ ಹೋಗಿದ್ದೆಯಾ?" ಎಂದು ಕೇಳಿದರಂತೆ. ಗಾಡಿ ನಿಂತಲ್ಲೆಲ್ಲ ಬೆಕ್ಕುಗಳು ಬರುತ್ತಿದ್ದವೆಂದು ಕೆಲವರು ಹೇಳುತ್ತಾರೆ. ಬೆಕ್ಕುಗಳನ್ನು ಸೇರಿಸಿದ್ದು ನಾನೇ ಎಂದು ನನಗೆ ಬಲವಾದ ಗುಮಾನಿ.

ಆದರೆ ಕಾಯಿಲ್ ನಡೆಯಿತು. ಬೆಂಚಿನ ಮೇಲೆ ನನಗೆ ಮೊಣಕೈವರೆಗೆ ಹೊಡೆಯಿತು, ಸಂಸಾರಸ್ಥ. ಅದನ್ನು ಗಾಡಿಗೆ ಹಾಕಿದ ದಿನ ಬಾಯಮ್ಮ ಬಂದು ಪಕ್ಕದಲ್ಲಿ ನಿಂತು ನೋಡಿದರು. ಯಾವ ಸಿಲಿಂಡರು ಕೆಟ್ಟಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದರು. ನಾನು ತೋರಿಸಿದೆ. ಎಂಜಿನ್ ಓಡುವಾಗ ಒಂದೊಂದೇ ಕಾಯಿಲ್‌ನ ಪಟ್ಟಿಯನ್ನು ಮರದ ಕಡ್ಡಿಯಿಂದ ಒತ್ತಿಹಿಡಿಯಬೇಕು. ಎಂಜಿನ್‌ನ ಸದ್ದು ಬದಲಾದರೆ ಆ ಸಿಲಿಂಡರು ಸರಿ ಇದೆ. ಬದಲಾಗದಿದ್ದರೆ ಅದೇ ರೋಗಿ. ಆಮೇಲೆ ಆ ಕಾಯಿಲ್ಲನ್ನು ಪಕ್ಕದ ಜಾಗಕ್ಕೆ ಹಾಕಿ ನೋಡಬೇಕು. ರೋಗ ಕಾಯಿಲ್‌ನ ಜೊತೆ ಹೋದರೆ ತಪ್ಪು ಕಾಯಿಲ್‌ನದು. ಇದ್ದಲ್ಲೇ ಉಳಿದರೆ ಪ್ಲಗ್ಗು.

ಅವರಿಗೆ ಬಹಳ ಹಿಡಿಸಿತು. "ನಮ್ಮದೂ ಹಾಗೆಯೇ" ಎಂದರು. "ಒಂದು ಸಲಕ್ಕೆ ಒಂದೇ ಮದ್ದು ಕೊಡಬೇಕು. ಎರಡು ಒಟ್ಟಿಗೆ ಕೊಟ್ರೆ ರೋಗಿಗೆ ಗುಣ ಆದೀತು, ಡಾಕ್ಟರಿಗೆ ಬುದ್ಧಿ ಬರುದಿಲ್ಲ."

ಹೊಸದಾಗಿ ಕೆಲಸಕ್ಕೆ ಸೇರುವವರು ಈ ಬರಹದಲ್ಲಿ ಒಂದು ಮಾತನ್ನು ಇಟ್ಟುಕೊಳ್ಳುವುದಾದರೆ ಅದು ಇದು. ಮುಂದೆ ಒಂದೇ ಕಾಯಿಲ್‌ನ ಗಾಡಿ ಬಂತು, ಕಾಯಿಲ್ಲಿಗೆ ಕಿವಿಯ ಬದಲು ಮೀಟರು ಬಂತು, ಪ್ಲಗ್ಗನ್ನು ಬಿಚ್ಚಿ ತೊಳೆಯುವುದು ಹೋಗಿ ಮರಳು ಊದುವ ಮೆಶಿನ್ನು ಬಂತು, ಯುದ್ಧದ ಕಾಲದಲ್ಲಿ ಇದ್ದಿಲಿನ ಹೊಗೆಯಿಂದ ಬಸ್ಸು ಓಡಿಸುವಾಗ ದಿನಕ್ಕೆ ಎರಡು ಸಲ ಪ್ಲಗ್ಗು ಕೆರೆಯುವ ಕರ್ಮ ಬಂತು. ಈ ಮಾತು ಮಾತ್ರ ಎಲ್ಲಿಯೂ ಸುಳ್ಳಾಗಲಿಲ್ಲ. ಇದನ್ನು ನಾನು ಅತ್ಯಂತ ಅಗತ್ಯವಿದ್ದ ದಿನವೇ ಮುರಿದೆ.

ಆ ದಿನ ಮಧ್ಯಾಹ್ನದ ಹೊತ್ತು, ಬಾವುಟಗುಡ್ಡೆಯ ಮೇಲಿನ ಒಂದು ಮನೆಯಿಂದ ಬಾಯಮ್ಮನಿಗೆ ಕರೆ ಬಂತು. ಚೊಚ್ಚಲು ಹೆರಿಗೆ, ಮಗು ಅಡ್ಡ ಇದೆ. ಬಾವ ಅವರನ್ನು ಕೂರಿಸಿಕೊಂಡು ಗಾಡಿ ತಂದು ಗ್ಯಾರೇಜಿನೆದುರು ನಿಲ್ಲಿಸಿ, ಎಂಜಿನ್ ಆರಿಸದೆ, "ಶೀನ, ಹತ್ತು. ಏರು ಉಂಟು" ಎಂದರು. ನಾನು ತೊಳೆದಿಟ್ಟ ನಾಲ್ಕು ಪ್ಲಗ್ಗು ಅಂಗಿಯ ಕಿಸೆಗೆ ಹಾಕಿಕೊಂಡೆ. ಮೇಸ್ತ್ರಿ ಬೇರೆ ಗಾಡಿಯಿಂದ ತೆಗೆದಿಟ್ಟಿದ್ದ ಒಂದು ಕಾಯಿಲ್ಲನ್ನು ಕೈಗೆ ತುರುಕಿದರು. ಬಾಗಿಲಿನ ಕೆಳಗಿನ ಮೆಟ್ಟಿಲ ಹಲಗೆಯ ಮೇಲೆ ನಿಂತು ಹೊರಟೆ.

ಅರ್ಧ ಏರಿನಲ್ಲಿ ಗಾಡಿ ಕೆಮ್ಮಿತು. ಬಾವ 'ಟ್ಟ ಟ್ಟ' ಎಂದರು. ಇನ್ನೊಮ್ಮೆ ಕೆಮ್ಮಿ ನಿಂತಿತು.

ಬಾಯಮ್ಮ ಚೀಲವನ್ನು ತೊಡೆಯ ಮೇಲಿಂದ ಪಕ್ಕಕ್ಕೆ ಇಟ್ಟರು. ಬಾವ ಬ್ರೇಕು ಬಿಟ್ಟು, ಗಾಡಿಯನ್ನು ಹಿಂದಕ್ಕೆ ಜಾರಿಸಿ, ತಿರುವಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಿದರು.

"ಬಾಯಮ್ಮ, ಇಳಿಬೇಡಿ" ಎಂದರು. ಬೇಡುವ ದನಿಯದು, ನಾನು ಅದನ್ನು ಮೊದಲು ಕೇಳಿರಲಿಲ್ಲ.

"ನಾನು ಇಳಿಲಿಲ್ಲ ಮೋಣಪ್ಪ" ಎಂದರು ಅವರು. ನಾಡಿ ನೋಡುವ ವಾಚನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಐದು ನಿಮಿಷ ಕೂತಿರ್ತೇನೆ. ಅಲ್ಲಿ ಒಂದು ಹುಡುಗಿ ಕಾಯ್ತಾ ಉಂಟು. ಮತ್ತೆ ನಡಿತೇನೆ."

ಎಂಜಿನ್ ನಿಂತಿರುವಾಗ ಕಡ್ಡಿಯಿಂದ ಒತ್ತಿ ನೋಡುವ ಪರೀಕ್ಷೆ ನಡೆಯುವುದಿಲ್ಲ. ನಿಲ್ಲುವ ಮುಂಚೆ ಒಂದು ಸಿಲಿಂಡರು ತಪ್ಪಿದ ಹಾಗೆ ನನಗೆ ಕೇಳಿಸಿತ್ತು. ಕೇಳಿಸಿತ್ತೋ, ಕೇಳಿಸಬೇಕೆಂದು ಇತ್ತೋ. ಹಮ್ಮಬ್ಬರ ರಾಳದ ಕಾಯಿಲ್‌ನ ಮೇಲೆ ನನಗೆ ಒಳಗೊಳಗೇ ಹೆದರಿಕೆ ಇದ್ದೇ ಇತ್ತು. ಬಾವನ ಮೊಣಕಾಲಿನ ಮೇಲಿಂದ ಬಾಗಿ, ಗೂಡಿನಿಂದ ಅದನ್ನು ಎಳೆದು ಮೇಸ್ತ್ರಿ ಕೊಟ್ಟದ್ದನ್ನು ಕೂರಿಸಿದೆ. ಅಲ್ಲಿಗೆ ನಿಲ್ಲಿಸಿ ಹ್ಯಾಂಡಲ್ ಹೊಡೆದು ನೋಡಬೇಕಿತ್ತು. ಬಾಯಮ್ಮನ ಬೂಟು ಮೆಟ್ಟಿಲ ಹಲಗೆಯ ಕಡೆಗೆ ಒಂದಿಂಚು ಸರಿಯಿತು. ನಾನು ಬಾನೆಟ್ ಎತ್ತಿ, ಬಿಸಿ ಪ್ಲಗ್ಗನ್ನು ಸ್ಪ್ಯಾನರಿನಿಂದ ತಿರುಗಿಸಿ, ಕೈ ಸುಟ್ಟುಕೊಂಡು, ಹೊಸತು ಹಾಕಿದೆ. ಒಂದಲ್ಲ, ನಾಲ್ಕನ್ನೂ ಹಾಕಿದೆ. ವಯರುಗಳನ್ನು ಅಂಗಿಯ ತುದಿಯಿಂದ ಒರೆಸಿದೆ. ಗೊತ್ತಿದ್ದ ದೇವರ ಹೆಸರುಗಳನ್ನೂ ಹೇಳಿದೆ, ಮೇಸ್ತ್ರಿಯ ಕಡೆಯವರದ್ದೂ ಸೇರಿ.

"ಎಷ್ಟಾಯ್ತು ಬಾಯಮ್ಮ?" ಬಾವ ತಿರುಗದೆ ಕೇಳಿದರು.

"ಆಯ್ತು" ಎಂದರು ಅವರು. ಆದರೆ ಇಳಿಯಲಿಲ್ಲ.

ಹ್ಯಾಂಡಲ್ ಹೊಡೆದೆ. ಒಂದೇ ಎಳೆತಕ್ಕೆ ಹತ್ತಿತು. ನಾಲ್ಕೂ ಕಾಯಿಲ್ ಒಂದೇ ದನಿಯಲ್ಲಿ ಹಾಡಿದವು. ನಾನು ಹಾರಿ ಹಲಗೆಯ ಮೇಲೆ ನಿಂತೆ. ಬಾವ ಗಾಡಿ ತಿರುಗಿಸಿದರು, ಮೇಲಕ್ಕಲ್ಲ ಕೆಳಕ್ಕೆ, ಸುತ್ತು ಬಳಸಿ ಹೋಗುವ ಅಗಲ ರಸ್ತೆಗೆ.

"ಯಾಕೆ ಈ ದಾರಿ?" ಎಂದು ಬಾಯಮ್ಮ ಕೇಳಿದರು.

"ಮೇಲೆ ಎತ್ತಿನ ಗಾಡಿ ಅಡ್ಡ ಉಂಟು ಬಾಯಮ್ಮ."

ಮನೆಗೆ ಮುಟ್ಟಿದೆವು. ಸಂಜೆಯ ಮುಂಚೆ ಮಗು ಹುಟ್ಟಿತು. ಹುಡುಗಿ ಉಳಿದಳು. ಬಾಯಮ್ಮ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಯಾವುದು ಕೆಟ್ಟದ್ದು, ಕಾಯಿಲ್ಲಾ ಪ್ಲಗ್ಗಾ?" ಎಂದು ನನ್ನನ್ನೇ ಕೇಳಿದರು. "ಕಾಯಿಲ್" ಎಂದೆ. ಏನಾದರೂ ಹೇಳಬೇಕಲ್ಲ. ಬಾವನ ಕೆಲಸ ಉಳಿಯಿತು, ಗಾಡಿ ಉಳಿಯಿತು. 'ಕಾಯಿಲ್ ಶೀನಪ್ಪ' ಎಂಬ ಹೆಸರನ್ನು ಊರಿಡೀ ಹಂಚಿದವರು ಬಾವನೇ.

ತೆಗೆದ ಪ್ಲಗ್ಗುಗಳನ್ನು ಮೇಸ್ತ್ರಿ ಮರುದಿನವೇ ಚಿಮಿಣಿ ಎಣ್ಣೆಯ ಡಬ್ಬಿಗೆ ಹಾಕಿ ಬೇರೆಯವುಗಳ ಜೊತೆ ಬೆರೆಸಿದರು. ಹಮ್ಮಬ್ಬರ ಕಾಯಿಲ್ಲನ್ನು ಬೆಂಚಿನ ಮೇಲೆ ನೋಡಿದೆ. ಮೊಣಕೈವರೆಗೆ ಹೊಡೆಯಿತು, ಮೊದಲಿನಷ್ಟೇ. ಬಿಸಿಯಾದಾಗ ಮಾತ್ರ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಕೆಡುವ ಕಾಯಿಲ್‌ಗಳಿವೆ.

ಎಷ್ಟೋ ವರ್ಷಗಳ ನಂತರ ಅದೇ ಜಾತಿಯ ಗಾಡಿಯೊಂದು ಗುಡ್ಡದ ಏರಿನಲ್ಲಿ ಹಿಂದುಮುಂದಾಗಿ, ರಿವರ್ಸಿನಲ್ಲಿ ಹತ್ತುವುದನ್ನು ಕಂಡು ಡ್ರೈವರನನ್ನು ತಡೆದು ಕೇಳಿದೆ. "ಪೆಟ್ರೋಲ್ ಕಡಿಮೆ ಉಂಟು. ಟಾಂಕಿಯಿಂದ ಎಂಜಿನ್ನಿಗೆ ಅದು ತಾನಾಗಿ ಇಳಿದು ಬರಬೇಕಲ್ವಾ, ಮೂತಿ ಮೇಲೆ ಮಾಡಿದ್ರೆ ಇಳಿಯುದಿಲ್ಲ. ಸಮತಟ್ಟಿಗೆ ಬಂದ್ರೆ ಸರಿಯಾಗ್ತದೆ" ಎಂದ. ಡ್ರೈವರರಿಗೆಲ್ಲ ಗೊತ್ತಿರುವ ಸಂಗತಿ. ಗ್ಯಾರೇಜಿನವರಿಗೂ ಗೊತ್ತಿರಬೇಕಾದದ್ದು. ಆ ದಿನ ನನಗೆ ಅದು ಹೊಳೆಯಲೇ ಇಲ್ಲ. ಬಾವುಟಗುಡ್ಡೆಯ ಏರಿನಲ್ಲಿ ನಾನು ಎತ್ತಿನ ಗಾಡಿ ಕಂಡಿರಲಿಲ್ಲ.

ಬಾವನನ್ನು ಒಮ್ಮೆ ಕೇಳಿಯೂ ಕೇಳಿದೆ. "ಎಂತ ಪೆಟ್ರೋಲ್ ಮಾರಾಯ? ಎಲ್ಲ ನಿನ್ನ ಕೈಗುಣ" ಎಂದು ಬೆನ್ನಿಗೆ ಹೊಡೆದು ನಕ್ಕರು. ಬಾವ ತೀರಿಕೊಂಡು ಈಗ ಆರು ಮಳೆಗಾಲ ಆಯಿತು. ಅಕ್ಕನಲ್ಲಿ ಕೇಳಿದರೆ, ಕಾರಿನ ವಿಷಯ ಮನೆಯಲ್ಲಿ ಮಾತಾಡುತ್ತಿರಲಿಲ್ಲ ಎನ್ನುತ್ತಾಳೆ.

ಆ ಗಾಡಿಯಲ್ಲಿ ಪೆಟ್ರೋಲಿನ ಟಾಂಕಿ ಇದ್ದದ್ದು ಡ್ರೈವರನ ಸೀಟಿನ ಅಡಿಯಲ್ಲಿ, ಅದನ್ನು ತುಂಬಿಸಿಡುವುದೂ ಅವನದೇ ಕೆಲಸ. ನೋಡಬೇಕಾದರೆ ಅವನು ಏಳಬೇಕು, ಸೀಟು ಎತ್ತಿ ಕೋಲು ಇಳಿಸಬೇಕು. ನಾನು ಕಾಯಿಲ್ ಬದಲಿಸಿ, ನಾಲ್ಕು ಪ್ಲಗ್ಗು ಬದಲಿಸಿ, ಹ್ಯಾಂಡಲ್ ಹೊಡೆಯುವವರೆಗೂ ಬಾವ ಆ ಸೀಟಿನಿಂದ ಏಳಲಿಲ್ಲ. ಹೆದರಿಕೆಯಿಂದಲೋ, ಬೇಕೆಂದೋ. ಏಳಿ ಎಂದು ನಾನೂ ಹೇಳಲಿಲ್ಲ. ಟಾಂಕಿಯಲ್ಲಿ ಎಷ್ಟು ಪೆಟ್ರೋಲ್ ಇತ್ತೆಂದು ನನಗೆ ಗೊತ್ತಿಲ್ಲ.